ಕಣ್ಗಾವಲು ಕ್ಯಾಮೆರಾ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ

(ಕಾಸರಗೋಡು ಜಿಲ್ಲೆಯ ಹಳ್ಳಿಯೊಂದರ ಗ್ರಂಥಾಲಯದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಕ್ಷರೇ, ಗ್ರಂಥಾಲಯದ ಪದಾಧಿಕಾರಿಗಳೇ, ಊರ ಹಿರಿಯರೇ, ಅಕ್ಕತಂಗಿಯರೇ,

ಈ ಸಲದ ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಊರಿನಲ್ಲಿಯೂ ಆಸುಪಾಸಿನ ಊರುಗಳಲ್ಲಿಯೂ ಆದ ಕಳವುಗಳು ನಿಮಗೆಲ್ಲ ಗೊತ್ತಿವೆ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಹೋಯಿತು, ಅಟ್ಟದಲ್ಲಿಟ್ಟಿದ್ದ ಕರಿಮೆಣಸಿನ ಗೋಣಿ ಹೋಯಿತು, ದೈವಸ್ಥಾನದ ಕಾಣಿಕೆ ಡಬ್ಬಿಯ ಬೀಗವನ್ನು ಯಾರೋ ಮುರಿದರು. ಇವೆಲ್ಲ ಆದ ಮೇಲೆ ಊರವರು ಸೇರಿ, ಮನೆಗಿಷ್ಟು ಎಂದು ವಂತಿಗೆ ಎತ್ತಿ, ನಮ್ಮ ಪೇಟೆಯ ಜಂಕ್ಷನ್ನಿನಲ್ಲಿ 8 ಸಿಸಿ ಕ್ಯಾಮೆರಾಗಳನ್ನು ಹಾಕಿಸಬೇಕೆಂಬ ಮಾತು ಎದ್ದಿದೆ. ಆ ಮಾತನ್ನು ತೀರ್ಮಾನಕ್ಕೆ ತರುವ ಮೊದಲು, ಕ್ಯಾಮೆರಾ ಹಾಕಿದರೆ ನಿಜವಾಗಿಯೂ ಕಳವು ನಿಲ್ಲುತ್ತದೆಯೇ ಎಂಬುದನ್ನು ಕುರಿತು ತಿಳಿದವರು ಒಂದಿಷ್ಟು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಕಾಸರಗೋಡಿನ ನ್ಯಾಯಾಲಯದಲ್ಲಿ ಬಹಳ ವರ್ಷಗಳಿಂದ ವಕೀಲಿ ಮಾಡುತ್ತಿರುವವನಾಗಿ, ಕ್ಯಾಮೆರಾದ ದೃಶ್ಯಗಳು ಸಾಕ್ಷ್ಯವಾಗಿ ನಿಲ್ಲುವುದನ್ನೂ ಬಿದ್ದುಹೋಗುವುದನ್ನೂ ಹತ್ತಿರದಿಂದ ಕಂಡವನಾಗಿ, ನಾನು ಒಪ್ಪಿಕೊಂಡೆ.

ಮೊದಲಿಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳೋಣ. ಕ್ಯಾಮೆರಾ ಇರುವ ಕಾರಣಕ್ಕೆ ಕಳ್ಳನು ಬಾರದೆ ಇರುತ್ತಾನೆಯೇ ಎಂಬುದು ಒಂದು. ಬಂದು ಕದ್ದು ಹೋದವನನ್ನು ಆಮೇಲೆ ಪತ್ತೆ ಹಚ್ಚಲು ಕ್ಯಾಮೆರಾ ನೆರವಾಗುತ್ತದೆಯೇ ಎಂಬುದು ಇನ್ನೊಂದು. ‘ಕೃತ್ಯ ಸಿಸಿ ಕ್ಯಾಮೆರಾದಲ್ಲಿ ಸೆರೆ’ ಎಂಬ ತಲೆಬರಹವನ್ನು ನಾವು ದಿನವೂ ಓದುತ್ತೇವೆ. ಅಲ್ಲಿ ಸೆರೆಯಾದುದು ಕೃತ್ಯದ ಚಿತ್ರವೇ ಹೊರತು ಕೃತ್ಯ ಎಸಗಿದವನಲ್ಲ, ಮತ್ತು ಆ ಚಿತ್ರ ಇದೆಯೆಂದರೆ ಕೃತ್ಯ ನಡೆದುಹೋಗಿದೆ ಎಂದೇ ಅರ್ಥ. ತಡೆಯುವಲ್ಲಿ ಕ್ಯಾಮೆರಾ ಸೋತ ಘಟನೆಗಳನ್ನೇ ನಾವು ಅದರ ಗೆಲುವಿನ ಉದಾಹರಣೆಗಳಾಗಿ ಹೇಳಿಕೊಳ್ಳುತ್ತಿದ್ದೇವೆ. ಈ ಗೊಂದಲವನ್ನು ಬಿಡಿಸಿಕೊಳ್ಳದೆ ಹಣ ಹಾಕಿದರೆ, ಹಾಕಿದ ಹಣಕ್ಕೆ ಏನು ಸಿಕ್ಕಿತೆಂದು ಮುಂದೆ ನಮಗೇ ಹೇಳಲಾಗದು.

ನನ್ನ ಬಂಧುಗಳ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅವರ ಮನೆಯ ಎದುರಿನ ದೊಡ್ಡ ಅಂಗಳದಲ್ಲಿ ಪ್ರತಿವರ್ಷದಂತೆ ಅಡಿಕೆ ಹರವಿತ್ತು. ಒಣಗಿ ಚಾಲಿಯಾದುದನ್ನು ಗೋಣಿ ತುಂಬಿ ಅಂಗಳದ ಆಚೆಯ ಶೆಡ್ಡಿನಲ್ಲಿ ಇಟ್ಟಿದ್ದರು. ಚಾವಡಿಯ ಮಾಡಿನಂಚಿಗೆ ಎರಡು ವರ್ಷಗಳ ಹಿಂದೆಯೇ ಕ್ಯಾಮೆರಾ ಹಾಕಿಸಿದ್ದರು. ಒಂದು ಬೆಳಿಗ್ಗೆ ನೋಡಿದಾಗ ಆರು ಗೋಣಿ ಇರಲಿಲ್ಲ. ನನಗೆ ಕರೆ ಬಂತು, ನಾನು ಹೋದೆ, ಟಿವಿಯ ಮುಂದೆ ಕುಳಿತು ಎಲ್ಲರೂ ಆ ರಾತ್ರಿಯ ದೃಶ್ಯವನ್ನು ನೋಡಿದೆವು. ಕ್ಯಾಮೆರಾದ ಗಾಜಿನ ಮುಂದೆ ಜೇಡ ಬಲೆ ಕಟ್ಟಿತ್ತು. ರಾತ್ರಿ ಹೊತ್ತು ಕ್ಯಾಮೆರಾ ತಾನೇ ಬೀರುವ ಇನ್ಫ್ರಾರೆಡ್ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಹತ್ತಿರದ ಬಲೆಯ ನೂಲಿಗೆ ತಾಗಿ ಹಿಂದಿರುಗಿದಾಗ ಪರದೆಯ ತುಂಬ ಬೆಳ್ಳಗಿನ ಗೀರುಗಳಾಗಿ ಕಾಣುತ್ತದೆ, ಹಿಂದಿನದೆಲ್ಲ ಮಸುಕಾಗುತ್ತದೆ. ಆ ಗೀರುಗಳ ಹಿಂದೆ ಇಬ್ಬರು ಓಡಾಡುವುದು ಕಂಡಿತು. ಒಬ್ಬನು ಮುಖಕ್ಕೆ ಬೈರಾಸು ಸುತ್ತಿಕೊಂಡಿದ್ದ. ಇನ್ನೊಬ್ಬನು ಏನನ್ನೂ ಸುತ್ತಿಕೊಂಡಿರಲಿಲ್ಲ, ಆದರೂ ಅವನ ಮುಖದ ಜಾಗದಲ್ಲಿ ಇದ್ದುದು ಒಂದು ಬಿಳಿಯ ಮಚ್ಚೆ ಮಾತ್ರ. ಪರದೆಯ ಮೂಲೆಯ ಗಡಿಯಾರ ರಾತ್ರಿ 9 ಗಂಟೆ ತೋರಿಸುತ್ತಿತ್ತು. ಆ ಹೊತ್ತಿಗೆ ಮನೆಯವರೆಲ್ಲ ಚಾವಡಿಯಲ್ಲಿಯೇ ಕುಳಿತಿದ್ದರು. ಯಾವಾಗಲೋ ವಿದ್ಯುತ್ ಹೋಗಿ ಬಂದಾಗ ದೃಶ್ಯ ದಾಖಲಿಸುವ ಪೆಟ್ಟಿಗೆಯ, ಎಂದರೆ ಡಿವಿಆರ್‌ನ, ಸಮಯ ತಪ್ಪಿಹೋಗಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಮನೆಯ ಮಾವ ಪರದೆಯನ್ನು ನೋಡುತ್ತಾ, “ಇದೆಯೆಂದು ಧೈರ್ಯದಲ್ಲಿ ಮಲಗಿದ್ದೆವಲ್ಲ” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಕ್ಯಾಮೆರಾ ಬರುವ ಮೊದಲು ಅವರು ಅಡಿಕೆಯ ದಿನಗಳಲ್ಲಿ ರಾತ್ರಿ ಒಮ್ಮೆಯಾದರೂ ಎದ್ದು ಟಾರ್ಚು ಹಿಡಿದು ಅಂಗಳಕ್ಕೆ ಸುತ್ತು ಬರುತ್ತಿದ್ದರು; ಕ್ಯಾಮೆರಾ ಬಂದ ಮೇಲೆ ಆ ರೂಢಿ ತಪ್ಪಿತ್ತು.

ಆ ಮುಖ ಮಚ್ಚೆಯಾಗಿ ಕಾಣಲು ಬಲೆಯೊಂದೇ ಕಾರಣವಲ್ಲ. ಇದನ್ನು ಕ್ಯಾಮೆರಾ ಕೊಳ್ಳುವವರೆಲ್ಲ ತಿಳಿದಿರಬೇಕು. ಚಿತ್ರದಲ್ಲಿ ಕಾಣುವ ಅಪರಿಚಿತನೊಬ್ಬನನ್ನು ಇವನೇ ಎಂದು ಖಚಿತವಾಗಿ ಗುರುತಿಸಬೇಕಾದರೆ, ಅವನು ನಿಂತಿರುವಲ್ಲಿ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್, ಎಂದರೆ ಚಿತ್ರವನ್ನು ಕಟ್ಟುವ ಚುಕ್ಕಿಗಳು, ಇರಬೇಕೆಂಬುದು ಈ ಉಪಕರಣಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ. ಪರಿಚಿತನನ್ನು ಗುರುತು ಹಿಡಿಯಲು 125 ಸಾಕು. ಯಾರೋ ಒಬ್ಬ ಮನುಷ್ಯ ಇದ್ದಾನೆಂದು ತಿಳಿಯಲು 25 ಸಾಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿ ನೋಡಿ. ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚಿನ ಅಗಲ ಬರುತ್ತದೆ. ಅಂಗಳವಿಡೀ ಕಾಣಬೇಕೆಂದು ನಾವು ಹಾಕಿಸುವ ಅಗಲ ನೋಟದ ಲೆನ್ಸಿನಲ್ಲಿ ಅಷ್ಟು ಅಗಲದ ದೃಶ್ಯ ಸಿಗುವುದು ಕ್ಯಾಮೆರಾದಿಂದ ಸುಮಾರು 3 ಮೀಟರ್ ದೂರದಲ್ಲಿ. ಅದಕ್ಕಿಂತ ಆಚೆ ಹೋದ ಹಾಗೆಲ್ಲ ಪಿಕ್ಸೆಲ್ ತೆಳುವಾಗುತ್ತದೆ. 15 ಮೀಟರ್ ದೂರದ ಶೆಡ್ಡಿನ ಬಾಗಿಲಲ್ಲಿ ಮೀಟರಿಗೆ ಸುಮಾರು 50 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಎಂದರೆ ಆ ಕ್ಯಾಮೆರಾಗೆ ಬಲೆ ಕಟ್ಟದೆ ಇದ್ದಿದ್ದರೂ, ಹಗಲಿನ ಬೆಳಕೇ ಇದ್ದಿದ್ದರೂ, ಅಷ್ಟು ದೂರದ ಮುಖ ಅದರಲ್ಲಿ ಮೂಡುತ್ತಿರಲಿಲ್ಲ. ಎಲ್ಲವನ್ನೂ ಕಾಣುವಂತೆ ಇಟ್ಟ ಕ್ಯಾಮೆರಾ ಯಾರನ್ನೂ ಗುರುತಿಸುವಂತೆ ಕಾಣುವುದಿಲ್ಲ. ಹಾಕುವವರು ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇನ್ನು ಕಳ್ಳನ ಕಡೆಯಿಂದ ನೋಡೋಣ. 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ವಿದ್ವಾಂಸರು ಅಪರಾಧ ನಡೆಯಲು ಮೂರು ಸಂಗತಿಗಳು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡಬೇಕೆಂದು ವಿವರಿಸಿದರು: ಕದಿಯಲು ಮನಸ್ಸು ಮಾಡಿದವನು, ಕದಿಯಲು ತಕ್ಕ ವಸ್ತು, ಮತ್ತು ತಡೆಯಬಲ್ಲ ಕಾವಲಿನ ಗೈರುಹಾಜರಿ. ಅಡಿಕೆಯ ಬೆಲೆ ಏರಿದ ವರ್ಷ ನಮ್ಮ ಅಂಗಳಗಳು ಮೊದಲ ಎರಡನ್ನು ತಾವಾಗಿಯೇ ಒದಗಿಸುತ್ತವೆ. ಮೂರನೆಯದರಲ್ಲಿ ‘ತಡೆಯಬಲ್ಲ’ ಎಂಬ ವಿಶೇಷಣ ಮುಖ್ಯ. ಜಗಲಿಯಲ್ಲಿ ಮಲಗಿದ ಅಜ್ಜ ಕೆಮ್ಮಿದರೆ ಕಳ್ಳ ಹಿಂದಿರುಗುತ್ತಿದ್ದುದು ಅಜ್ಜನ ಕಣ್ಣಿಗೆ ಹೆದರಿ ಅಲ್ಲ. ಅಜ್ಜ ಕೂಗಿದರೆ ನಾಲ್ಕು ಮನೆಯವರು ಓಡಿಬರುತ್ತಾರೆಂಬುದಕ್ಕೆ ಹೆದರಿ. ಶಿಕ್ಷೆಯ ಭಯ ಹೇಗೆ ಕೆಲಸ ಮಾಡುತ್ತದೆಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಡೇನಿಯಲ್ ನ್ಯಾಗಿನ್ ಅವರು ತಲುಪಿದ ತೀರ್ಮಾನವೂ ಇದಕ್ಕೆ ಹತ್ತಿರದ್ದು: ಶಿಕ್ಷೆ ಎಷ್ಟು ಕಠಿಣ ಎಂಬುದಕ್ಕಿಂತ, ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಮನುಷ್ಯನನ್ನು ಹೆಚ್ಚು ತಡೆಯುತ್ತದೆ. ಕ್ಯಾಮೆರಾ ಆ ಖಚಿತತೆಯನ್ನು ಹೆಚ್ಚಿಸಿದರೆ ತಡೆಯುತ್ತದೆ. ಹೆಚ್ಚಿಸುವುದಿಲ್ಲವೆಂದು ಕಳ್ಳನಿಗೆ ತಿಳಿದುಹೋದರೆ ಅದು ಗೋಡೆಗೆ ಹೊಡೆದ ಮೊಳೆಯಷ್ಟೇ.

ಇದು ತರ್ಕವಾಯಿತು. ನಡೆಸಿ ನೋಡಿದವರು ಕಂಡುಕೊಂಡದ್ದೇನು? ಈ ವಿಷಯದಲ್ಲಿ ಬ್ರಿಟನ್ನಿನಷ್ಟು ಹಣ ಸುರಿದ ದೇಶಗಳು ಕಡಿಮೆ. 1993ರಲ್ಲಿ ಲಿವರ್‌ಪೂಲ್ ಬಳಿಯ ಅಂಗಡಿ ಸಂಕೀರ್ಣವೊಂದರಿಂದ ಎರಡು ವರ್ಷದ ಮಗುವೊಂದನ್ನು ಇಬ್ಬರು ಹುಡುಗರು ಕೈಹಿಡಿದು ಕರೆದೊಯ್ಯುವ ಕ್ಯಾಮೆರಾ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಆ ಮಗುವಿನ ಕೊಲೆಯಾಗಿತ್ತು. ಕ್ಯಾಮೆರಾ ಅದನ್ನು ತಡೆದಿರಲಿಲ್ಲ. ಆದರೂ ಆ ಚಿತ್ರವೇ ಕ್ಯಾಮೆರಾ ಬೇಕೆಂಬ ಕೂಗನ್ನು ಬಲಪಡಿಸಿತು. 1996ರಿಂದ 1998ರ ನಡುವೆ ಅಲ್ಲಿನ ಗೃಹ ಇಲಾಖೆ ಅಪರಾಧ ತಡೆಗೆಂದು ಖರ್ಚು ಮಾಡಿದ ಹಣದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕ್ಯಾಮೆರಾಗಳಿಗೇ ಹೋಯಿತು. ಆಮೇಲೆ ಅದೇ ಇಲಾಖೆ ಮಾರ್ಟಿನ್ ಗಿಲ್ ಮತ್ತು ಆ್ಯಂಜೆಲಾ ಸ್ಪ್ರಿಗ್ಸ್ ಅವರಿಂದ ಅಧ್ಯಯನ ಮಾಡಿಸಿ 2005ರಲ್ಲಿ ಪ್ರಕಟಿಸಿತು. ಅವರು ನೋಡಿದ ಬೇರೆಬೇರೆ ಊರುಗಳ ವ್ಯವಸ್ಥೆಗಳಲ್ಲಿ ಹೆಚ್ಚಿನ ಕಡೆ, ಇದು ಕ್ಯಾಮೆರಾದಿಂದಲೇ ಆದ ಇಳಿಕೆ ಎಂದು ದೃಢವಾಗಿ ಹೇಳುವಂಥದ್ದು ಕಾಣಲಿಲ್ಲ.

ಇಂಥ ಅಧ್ಯಯನದಲ್ಲಿ ಒಂದು ಎಚ್ಚರ ಬೇಕು, ಅದು ನಮಗೂ ಬೇಕು. ಕ್ಯಾಮೆರಾ ಹಾಕುವುದು ಯಾವಾಗ? ಸಾಲು ಸಾಲಾಗಿ ಕಳವು ಆದ ಮೇಲೆ. ನಮ್ಮಲ್ಲಿ ಅದು ಅಡಿಕೆ ಅಂಗಳದಲ್ಲಿರುವ ತಿಂಗಳುಗಳು. ಊರವರು ಸಭೆ ಸೇರಿ, ವಂತಿಗೆ ಎತ್ತಿ, ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಅಡಿಕೆ ಮಾರಾಟವಾಗಿರುತ್ತದೆ, ಮಳೆ ಹಿಡಿದಿರುತ್ತದೆ, ಅಂಗಳ ಖಾಲಿಯಾಗಿರುತ್ತದೆ. ಕಳವು ನಿಂತೇ ನಿಲ್ಲುತ್ತದೆ. ಕ್ಯಾಮೆರಾ ಹಾಕದಿದ್ದರೂ ನಿಲ್ಲುತ್ತಿತ್ತು. ಆದುದರಿಂದ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಲೆಕ್ಕ ಹಾಕಿದರೆ ಸಾಲದು. ಕ್ಯಾಮೆರಾ ಇಲ್ಲದ, ಉಳಿದೆಲ್ಲ ರೀತಿಯಲ್ಲಿ ಹೋಲುವ ಇನ್ನೊಂದು ಜಾಗದಲ್ಲಿ ಅದೇ ಅವಧಿಯಲ್ಲಿ ಏನಾಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಹಾಗೆ ಪಕ್ಕದಲ್ಲಿಟ್ಟು ನೋಡಿದ, ನಾಲ್ಕು ದಶಕಗಳ 80 ಅಧ್ಯಯನಗಳನ್ನು ಒಟ್ಟುಗೂಡಿಸಿ ಎರಿಕ್ ಪಿಜಾ, ಬ್ರ್ಯಾಂಡನ್ ವೆಲ್ಶ್, ಡೇವಿಡ್ ಫ್ಯಾರಿಂಗ್ಟನ್ ಮತ್ತು ಅಮಾಂಡಾ ಥಾಮಸ್ ಅವರು 2019ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಕ್ಯಾಮೆರಾ ಇರುವ ಜಾಗಗಳಲ್ಲಿ, ಇಲ್ಲದ ಜಾಗಗಳಿಗೆ ಹೋಲಿಸಿದರೆ, ಅಪರಾಧ ಒಟ್ಟಾರೆ ಶೇಕಡಾ 13ರಷ್ಟು ಇಳಿದಿತ್ತು. ಇದು ಸಣ್ಣ ಫಲವೇ, ಆದರೆ ಶೂನ್ಯವಲ್ಲ. ಆ ಒಟ್ಟು ಅಂಕಿಗಿಂತ ಅದರ ಒಳಗಿನ ಬೇರೆಬೇರೆ ಅಂಕಿಗಳು ನಮಗೆ ಹೆಚ್ಚು ಹೇಳುತ್ತವೆ. ವಾಹನ ನಿಲುಗಡೆಯ ಜಾಗಗಳಲ್ಲಿ ಇಳಿಕೆ ಶೇಕಡಾ 37. ವಸತಿ ಪ್ರದೇಶಗಳಲ್ಲಿ ಶೇಕಡಾ 12. ಹೊಡೆದಾಟ, ಹಲ್ಲೆಯಂಥ ಹಿಂಸೆಯ ಅಪರಾಧಗಳ ಮೇಲೆ ಗಣನೆಗೆ ಬರುವ ಪರಿಣಾಮ ಇರಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ವಾಹನ ನಿಲ್ಲಿಸುವ ಜಾಗಕ್ಕೆ ಒಳಹೋಗುವ ಹೊರಬರುವ ದಾರಿಗಳು ಒಂದೋ ಎರಡೋ, ಕದಿಯಲು ಬರುವವನು ಲೆಕ್ಕ ಹಾಕಿಯೇ ಬರುತ್ತಾನೆ; ಕುಡಿದ ಮತ್ತಿನಲ್ಲಿಯೋ ಸಿಟ್ಟಿನ ಭರದಲ್ಲಿಯೋ ಕೈಯೆತ್ತುವವನು ಮೇಲೆ ಕ್ಯಾಮೆರಾ ಇದೆಯೇ ಎಂದು ನೋಡುವುದಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಶವನ್ನು ನಾನು ಈ ಸಭೆಯ ಮುಂದೆ ಒತ್ತಿ ಹೇಳಬೇಕು. ಪರದೆಯ ಮುಂದೆ ಮನುಷ್ಯರು ಕುಳಿತು ನೋಡುತ್ತಿದ್ದ, ಕಂಡದ್ದನ್ನು ಕೂಡಲೇ ಪೊಲೀಸರಿಗೆ ತಿಳಿಸುತ್ತಿದ್ದ ವ್ಯವಸ್ಥೆಗಳು ಫಲ ಕೊಟ್ಟಿದ್ದವು. ಸುಮ್ಮನೆ ದಾಖಲಿಸಿಕೊಂಡು ಬಿದ್ದಿರುವ ವ್ಯವಸ್ಥೆಗಳಲ್ಲಿ ಅಂಥ ಫಲ ಸಾಬೀತಾಗಲಿಲ್ಲ. ಬೆಳಕು, ಕಾವಲು, ಗಸ್ತು ಮುಂತಾದ ಹಲವು ಕ್ರಮಗಳ ಜೊತೆಗೆ ಕ್ಯಾಮೆರಾ ಇದ್ದ ಕಡೆಗಳಲ್ಲಿ ಇಳಿಕೆ ಶೇಕಡಾ 34ರಷ್ಟಿತ್ತು. ಈ ಅಧ್ಯಯನಗಳು ಬಹುಪಾಲು ಬ್ರಿಟನ್ ಮತ್ತು ಅಮೆರಿಕದ ಪಟ್ಟಣಗಳವು. ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳ ನಮ್ಮ ಊರಿಗೆ ಅಂಕಿಗಳನ್ನು ಹಾಗೆಯೇ ತಂದು ಅಂಟಿಸಲಾಗದು. ಆದರೆ ನೋಡುವವರಿಲ್ಲದ ಕ್ಯಾಮೆರಾ ತಡೆಯುವುದಿಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆಂದು ನಾನು ನಂಬುತ್ತೇನೆ. ನನ್ನ ಬಂಧುಗಳ ಅಂಗಳದಲ್ಲಿ ಕಂಡದ್ದು ಅದನ್ನೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಮ್ಮ ರಾಜ್ಯದ ರಸ್ತೆಗಳಲ್ಲಿ ಹಾಕಿದ ಕ್ಯಾಮೆರಾಗಳಿಂದ ಜನ ಹೆಲ್ಮೆಟ್ ಹಾಕಲು ಕಲಿಯಲಿಲ್ಲವೇ ಎಂದು. ಕಲಿತರು, ಅದು ನಮ್ಮ ಕಣ್ಣೆದುರೇ ಇದೆ. 2023ರ ಎಪ್ರಿಲ್ 20ರಂದು ಕೇರಳ ಸರಕಾರ 726 ಕ್ಯಾಮೆರಾಗಳ ಯೋಜನೆಯನ್ನು ಉದ್ಘಾಟಿಸಿತು. ಜೂನ್ 5ರಿಂದ ದಂಡ ವಿಧಿಸಲು ಆರಂಭಿಸಿತು. ಅದಕ್ಕೂ ಮುಂಚಿನ ವರ್ಷ, 2022ರಲ್ಲಿ, ರಾಜ್ಯದ ರಸ್ತೆ ಅಪಘಾತಗಳಲ್ಲಿ 4,317 ಮಂದಿ ಸತ್ತಿದ್ದರು. 2023ರಲ್ಲಿ ಆ ಸಂಖ್ಯೆ 4,080 ಆಯಿತು. ಇಳಿಕೆಯೆಲ್ಲವೂ ಕ್ಯಾಮೆರಾದ್ದೇ ಎಂದು ನಾನು ಹೇಳುವುದಿಲ್ಲ. ಆದರೆ ಕಾಸರಗೋಡಿನಿಂದ ರಾಜ್ಯದ ಗಡಿಯ ತಲಪಾಡಿ ದಾಟುವವರೆಗೆ ಹೆಲ್ಮೆಟ್ ತಲೆಯ ಮೇಲೆಯೇ ಇರಬೇಕೆಂದು ನಮ್ಮ ಮಕ್ಕಳಿಗೆ ಅಭ್ಯಾಸವಾದುದು ಆ ದಂಡದ ಚೀಟಿಯಿಂದ. ಅಲ್ಲಿ ಕ್ಯಾಮೆರಾ ಫಲಿಸಲು ಮೂರು ಅನುಕೂಲಗಳಿದ್ದವು. ತಪ್ಪು ಮಾಡಿದವನ ಗುರುತು ಅವನ ವಾಹನದ ನಂಬರ್ ಪ್ಲೇಟಿನಲ್ಲಿಯೇ ಬರೆದಿರುತ್ತದೆ. ಚಿತ್ರವನ್ನು ಯಂತ್ರವೂ ಅದರ ಹಿಂದಿನ ಸಿಬ್ಬಂದಿಯೂ ನಿಜವಾಗಿ ನೋಡುತ್ತಾರೆ. ನೋಡಿದ ಕೆಲವು ದಿನಗಳಲ್ಲಿ ದಂಡ ಮನೆಗೆ ಬರುತ್ತದೆ. ಬೈರಾಸು ಸುತ್ತಿಕೊಂಡು ಅಂಗಳಕ್ಕೆ ಬರುವವನ ಬೆನ್ನಿಗೆ ನಂಬರ್ ಪ್ಲೇಟು ಇರುವುದಿಲ್ಲ.

ಕ್ಯಾಮೆರಾ ಹಾಕಿದರೆ ಕಳ್ಳ ಪಕ್ಕದ ಊರಿಗೆ ಹೋಗುತ್ತಾನೆ, ಅಷ್ಟೇ ಎಂಬ ಮಾತೂ ಕೇಳಿಬರುತ್ತದೆ. ಇದನ್ನು ಹುಡುಕಿ ನೋಡಿದ ಹೆಚ್ಚಿನ ಅಧ್ಯಯನಗಳಲ್ಲಿ ಅಪರಾಧ ಹಾಗೆ ಪೂರ್ತಿಯಾಗಿ ಸ್ಥಳಾಂತರವಾದದ್ದು ಕಾಣಲಿಲ್ಲ. ಕೆಲವು ಕಡೆ ಪಕ್ಕದ ಜಾಗಕ್ಕೂ ಅದರ ಲಾಭ ಸಿಕ್ಕಿದ್ದುಂಟು. ಈ ಒಂದು ಅಂಜಿಕೆಯನ್ನು ಬಿಡಬಹುದು.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪತ್ತೆಯ ವಿಷಯದಲ್ಲಿ ಕ್ಯಾಮೆರಾದ ಬೆಲೆ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಿದರೆ ಅನ್ಯಾಯವಾಗುತ್ತದೆ. ಮ್ಯಾಥ್ಯೂ ಆ್ಯಶ್‌ಬಿ ಎಂಬ ಸಂಶೋಧಕರು 2011ರಿಂದ 2015ರವರೆಗೆ ಬ್ರಿಟನ್ನಿನ ರೈಲ್ವೆ ಪೊಲೀಸರು ದಾಖಲಿಸಿಕೊಂಡ ಎರಡೂವರೆ ಲಕ್ಷ ಪ್ರಕರಣಗಳನ್ನು ಪರಿಶೀಲಿಸಿದರು. ಶೇಕಡಾ 45ರಷ್ಟು ಪ್ರಕರಣಗಳಲ್ಲಿ ದೃಶ್ಯ ಸಿಕ್ಕಿತ್ತು. ಶೇಕಡಾ 29ರಷ್ಟರಲ್ಲಿ ಅದು ತನಿಖೆಗೆ ಉಪಯೋಗಕ್ಕೆ ಬಂದಿತ್ತು. ಸಿಕ್ಕಿದ ದೃಶ್ಯಗಳಲ್ಲಿ ಮೂರರಲ್ಲೊಂದು ಪಾಲು ಕೆಲಸಕ್ಕೆ ಬಾರದೆ ಹೋದರೂ, ಉಪಯೋಗಕ್ಕೆ ಬಂದವುಗಳ ಸಂಖ್ಯೆ ಸಣ್ಣದಲ್ಲ.

ನಮ್ಮ ಗಡಿಯಲ್ಲಿಯೇ ನಡೆದದ್ದನ್ನು ನೆನಪಿಸಿಕೊಳ್ಳಿ. 2025ರ ಜನವರಿ 17ರಂದು ಹಾಡಹಗಲಿನಲ್ಲಿ, ತಲಪಾಡಿಯಿಂದ ಕೂಗಳತೆಯ ಕೆ.ಸಿ. ರೋಡಿನಲ್ಲಿರುವ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಶಸ್ತ್ರ ಹಿಡಿದವರು ನುಗ್ಗಿ ಕೋಟಿಗಟ್ಟಲೆ ಬೆಲೆಯ ಚಿನ್ನ ದೋಚಿಕೊಂಡು ಕಾರಿನಲ್ಲಿ ಹೋದರು. ಶಾಖೆಯ ಕ್ಯಾಮೆರಾ ಆ ಹೊತ್ತಿಗೆ ದುರಸ್ತಿಯಲ್ಲಿತ್ತು ಎಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ಆದರೆ ದಾರಿಯ ಕ್ಯಾಮೆರಾಗಳಲ್ಲಿ ಕಾರಿನ ಜಾಡು ಸಿಕ್ಕಿತು, ಕೆಲವೇ ದಿನಗಳಲ್ಲಿ ತಮಿಳುನಾಡಿನಲ್ಲಿ ಬಂಧನಗಳಾದವು. ನಮ್ಮಂಥ ಗಡಿ ಊರಿಗೆ ಇದರಲ್ಲಿ ಪಾಠವಿದೆ. ಇಲ್ಲಿ ಕದ್ದವನು ಅರ್ಧ ಗಂಟೆಯಲ್ಲಿ ಇನ್ನೊಂದು ರಾಜ್ಯದಲ್ಲಿರುತ್ತಾನೆ, ಇನ್ನೊಂದು ಪೊಲೀಸ್ ವ್ಯವಸ್ಥೆಯ ಕೈಕೆಳಗೆ. ಮನೆಯಂಗಳದ ಹತ್ತು ಮಸುಕು ಚಿತ್ರಗಳಿಗಿಂತ, ಊರಿನಿಂದ ಹೊರಹೋಗುವ ದಾರಿಯಲ್ಲಿ ವಾಹನದ ನಂಬರನ್ನು ಸ್ಪಷ್ಟವಾಗಿ ಓದಬಲ್ಲ ಒಂದು ಕ್ಯಾಮೆರಾ ಆಗ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಡಿಕೆ ಗೋಣಿಯನ್ನು ಯಾರೂ ಹೆಗಲ ಮೇಲೆ ಹೊತ್ತುಕೊಂಡು ಗಡಿ ದಾಟುವುದಿಲ್ಲ.

ದೃಶ್ಯ ಸಿಕ್ಕಿದರೆ ಸಾಲದು, ಅದು ನ್ಯಾಯಾಲಯದಲ್ಲಿ ನಿಲ್ಲಬೇಕು. ಹಿಂದಿನ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನಂತೆ, ಮೂಲ ಉಪಕರಣವನ್ನೇ ಹಾಜರುಪಡಿಸದೆ ಪ್ರತಿಯನ್ನು ಕೊಡುವಾಗ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2020ರ ಜುಲೈಯಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೆಯ ಕಲಮಾಗಿದೆ. ಪ್ರಮಾಣಪತ್ರದಲ್ಲಿ ಆ ಕಡತದ ಹ್ಯಾಶ್ ಮೌಲ್ಯವನ್ನು, ಎಂದರೆ ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಬೇರೆಯಾಗಿಬಿಡುವ ಅಂಕಿಯನ್ನು, ನಮೂದಿಸಬೇಕಾಗುತ್ತದೆ. ಪರದೆಯ ಮೇಲೆ ಓಡುವ ದೃಶ್ಯವನ್ನು ಮೊಬೈಲಿನಲ್ಲಿ ಮತ್ತೆ ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಕಳುಹಿಸಿ, ಮೂಲವನ್ನು ಡಿವಿಆರ್‌ನಲ್ಲಿ ಅಳಿಸಿಹೋಗಲು ಬಿಟ್ಟವರನ್ನು ನಾನು ಕಂಡಿದ್ದೇನೆ. ಇನ್ನೊಂದು ಮಗ್ಗುಲೂ ಇದೆ. 2015ರಲ್ಲಿ ತೊಮಾಸೊ ಬ್ರೂನೋ ಪ್ರಕರಣದಲ್ಲಿ, ವಾರಾಣಸಿಯ ಹೋಟೆಲಿನ ಕ್ಯಾಮೆರಾ ದೃಶ್ಯವನ್ನು ಪ್ರಾಸಿಕ್ಯೂಷನ್ ಹಾಜರುಪಡಿಸಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟು ಗಂಭೀರವಾಗಿ ಪರಿಗಣಿಸಿ ಆರೋಪಿಗಳ ಶಿಕ್ಷೆಯನ್ನು ರದ್ದುಪಡಿಸಿತು. ಇದ್ದ ದೃಶ್ಯವನ್ನು ಕಳೆದುಕೊಂಡರೆ, ಅದರ ನಷ್ಟ ನಿರಪರಾಧಿಗೂ ಆಗಬಹುದು, ನೊಂದವನಿಗೂ ಆಗಬಹುದು.

ದೃಶ್ಯ ಎಷ್ಟು ದಿನ ಉಳಿಯುತ್ತದೆಂಬುದನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡೋಣ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದಾಖಲಿಸಿದರೆ ದಿನಕ್ಕೆ ಸುಮಾರು 22 ಗಿಗಾಬೈಟ್ ಬೇಕು. 1 ಟೆರಾಬೈಟಿನ ಹಾರ್ಡ್ ಡಿಸ್ಕಿಗೆ 4 ಕ್ಯಾಮೆರಾ ಜೋಡಿಸಿದರೆ ಸುಮಾರು 11 ದಿನಕ್ಕೆ ಅದು ತುಂಬುತ್ತದೆ, ಹೊಸದು ಹಳೆಯದರ ಮೇಲೆ ಬರೆಯತೊಡಗುತ್ತದೆ. ಅದೇ ಡಿಸ್ಕಿಗೆ 8 ಕ್ಯಾಮೆರಾ ಜೋಡಿಸಿದರೆ ಐದೂವರೆ ದಿನ. ಅಟ್ಟದ ಮೆಣಸು ಹೋದದ್ದು ಮನೆಯವರಿಗೆ ತಿಳಿಯಲು ಎಷ್ಟೋ ಸಲ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಕ್ಯಾಮೆರಾಗಳ ಸಂಖ್ಯೆ ಹೆಚ್ಚಿಸಿದಂತೆ ಕಾವಲು ಹೆಚ್ಚುತ್ತದೆಂಬ ನಮ್ಮ ಎಣಿಕೆ ಈ ಲೆಕ್ಕದಲ್ಲಿ ತಲೆಕೆಳಗಾಗುತ್ತದೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಕೆಲವು ವರ್ಷಗಳ ಹಿಂದೆ ಪಕ್ಕದ ಊರಿನ ಕ್ಯಾಮೆರಾವೊಂದರಲ್ಲಿ ಬೆಳಗಿನ ಜಾವ ಗೋಣಿ ಹೊತ್ತು ನಡೆಯುವ ಒಬ್ಬ ಅತಿಥಿ ಕಾರ್ಮಿಕನ, ಎಂದರೆ ಹೊರರಾಜ್ಯದಿಂದ ಕೆಲಸಕ್ಕೆ ಬಂದವನ, ಚಿತ್ರ ಸಿಕ್ಕಿತು. ಹಿಂದಿನ ರಾತ್ರಿ ಅಲ್ಲೇ ಎಲ್ಲೋ ಕಳವು ಆಗಿತ್ತು. ಮಧ್ಯಾಹ್ನದೊಳಗೆ ಅವನ ಮುಖ ನೂರಾರು ಮೊಬೈಲುಗಳಿಗೆ ಹೋಯಿತು, ಕೆಳಗೆ ‘ಕಳ್ಳ’ ಎಂದು ಬರೆದಿತ್ತು. ಗೋಣಿಯಲ್ಲಿದ್ದುದು ಅವನ ಗಾರೆ ಕೆಲಸದ ಸಲಕರಣೆ ಮತ್ತು ಎರಡು ಜೊತೆ ಬಟ್ಟೆ. ಕೆಲಸ ಕೊಟ್ಟವರೇ ಬಂದು ಹೇಳಿದ ಮೇಲೆ ಊರವರು ಸುಮ್ಮನಾದರು; ಆದರೆ ಕಳುಹಿಸಿದ ಚಿತ್ರವನ್ನು ಯಾರೂ ಹಿಂದೆ ಕರೆಯಲಿಲ್ಲ. ವಾರದೊಳಗೆ ಅವನು ಊರು ಬಿಟ್ಟ. ಬಾಡಿಗೆಯ ಕೋಣೆಯಲ್ಲಿ ಅವನೊಡನೆ ಮಾತನಾಡಿದವನು ನಾನು. ಅವನು ದೂರು ಕೊಡಲು ಒಪ್ಪಲಿಲ್ಲ, ಊರಿಗೆ ಹೋಗುವ ರೈಲಿನ ಸಮಯವನ್ನಷ್ಟೇ ಕೇಳಿದ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದಾಗ, ಆ ಹಕ್ಕು ಬರಿಯ ಪಟ್ಟಣದವರದೆಂದು ಹೇಳಿರಲಿಲ್ಲ. ಅದೇ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿಯೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಒಂದು ವರ್ಷಕ್ಕೆ ಕಡಿಮೆಯಾಗದಂತೆ ಉಳಿಸಬೇಕೆಂದು ಆದೇಶಿಸಿತು. ಬಲ ಇರುವವನ ಮೇಲೆ ಕ್ಯಾಮೆರಾ ಇಟ್ಟಾಗ ಅದು ಬಲವಿಲ್ಲದವನನ್ನು ಕಾಯುತ್ತದೆ. ಊರಿನ ಕ್ಯಾಮೆರಾ ಹೆಚ್ಚಾಗಿ ತೋರಿಸುವುದು ಕತ್ತಲಿರುವಾಗಲೇ ಕೆಲಸಕ್ಕೆ ಹೊರಡುವವರನ್ನು, ಎಂದರೆ ನಮ್ಮಲ್ಲಿ ಎಲ್ಲರಿಗಿಂತ ಬಲಹೀನರನ್ನು. ಇದನ್ನು ಮರೆತು ನಾವು ಒಂದು ರೂಪಾಯಿಯನ್ನೂ ಎತ್ತಬಾರದು.

ಆದುದರಿಂದ ನಮ್ಮ ಜಂಕ್ಷನ್ನಿನ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. 8 ಬೇಡ, 3 ಸಾಕು. ಎರಡು ಕ್ಯಾಮೆರಾಗಳು ಊರಿನಿಂದ ಹೊರಹೋಗುವ ಎರಡು ದಾರಿಗಳಲ್ಲಿ ಕಿರಿದಾದ ನೋಟದಿಂದ ವಾಹನದ ನಂಬರನ್ನು ಓದುವಂತಿರಲಿ. ಮೂರನೆಯದು ದೈವಸ್ಥಾನದ ಭಂಡಾರದ ಬಾಗಿಲಿನ ಎದುರು, ಮುಖದ ಎತ್ತರಕ್ಕೆ ಹತ್ತಿರವಾಗಿ ಇರಲಿ. ಉಳಿದ ಹಣದಲ್ಲಿ ದಾರಿದೀಪಗಳನ್ನು ಸರಿಪಡಿಸೋಣ, ಡಿವಿಆರ್‌ಗೆ ಇನ್ವರ್ಟರ್ ಸಂಪರ್ಕ ಕೊಡೋಣ, ಸಿಡಿಲಿನ ತಿಂಗಳುಗಳಿಗೆ ಬೇಕಾದ ರಕ್ಷಣೆ ಮಾಡಿಸೋಣ. ವಾರಕ್ಕೊಮ್ಮೆ ಗಾಜು ಒರೆಸಿ, ಗಡಿಯಾರ ನೋಡಿ, ಪುಸ್ತಕದಲ್ಲಿ ಸಹಿ ಹಾಕುವವರು ಯಾರೆಂದು ಈ ಸಭೆಯಲ್ಲಿಯೇ ಹೆಸರು ಹೇಳಿ ನಿಶ್ಚಯಿಸಬೇಕು. ಪೊಲೀಸರು ಬರಹದಲ್ಲಿ ಕೇಳದೆ ದೃಶ್ಯವನ್ನು ಯಾರಿಗೂ ಕೊಡಕೂಡದು, ಯಾವ ಗುಂಪಿಗೂ ಹಾಕಕೂಡದು. ಅಡಿಕೆಯ ನಾಲ್ಕು ತಿಂಗಳು ಮಾತ್ರ, ಸರದಿಯಂತೆ ರಾತ್ರಿ ಇಬ್ಬರು ಒಂದು ಸುತ್ತು ಹಾಕುವ ಹಳೆಯ ಕ್ರಮವನ್ನು ಮತ್ತೆ ತರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಆ ಸರದಿಗೆ ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಬಹುದು.

ಮಾತು ಮುಗಿದ ಮೇಲೆ ಪ್ರಶ್ನೆಗಳಾದವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯಕ್ಕನೊಬ್ಬರು ಎದ್ದು, ಪೇಟೆಯ ಅಂಗಡಿಯೊಂದರ ಮಾಡಿಗೆ ಈಗಾಗಲೇ ಪರೀಕ್ಷೆಗೆಂದು ಇಟ್ಟಿರುವ ಕ್ಯಾಮೆರಾದಲ್ಲಿ ತಮ್ಮ ಮನೆಯ ಬಾವಿಕಟ್ಟೆ ಕಾಣುತ್ತದೆಯೇ ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಸಭೆಯ ನಂತರ ಕಾರ್ಯದರ್ಶಿಗಳೂ ನಾನೂ ಅಕ್ಕನೂ ಅಂಗಡಿಗೆ ಹೋಗಿ ಪರದೆಯನ್ನು ಹಾಕಿಸಿ ನೋಡಿದೆವು. ರಸ್ತೆ ಒಂದು ಮೂಲೆಯಲ್ಲಿತ್ತು. ನಡುವೆ ಬಾವಿಕಟ್ಟೆಯೂ ಬಚ್ಚಲಿಗೆ ಹೋಗುವ ದಾರಿಯೂ ಇದ್ದವು. ಅಂಗಡಿಯ ಹುಡುಗ ಏಣಿ ಹತ್ತಿ ಕ್ಯಾಮೆರಾವನ್ನು ತಿರುಗಿಸಿದ. “ಇನ್ನೂ ಸ್ವಲ್ಪ” ಎಂದು ಅಕ್ಕ ಎರಡು ಸಲ ಹೇಳಿದರು, ಅವನು ಎರಡು ಸಲವೂ ತಿರುಗಿಸಿದ.